ಕೆಂಡಾಲಿಗೆ ಕೊಟ್ಟ ದೂರು

ಕಳೆದ ಮಾರ್ಚಿನಲ್ಲಿ ಬಂಟ್ವಾಳದಿಂದ ಕಾರ್ಕಳಕ್ಕೆ ಒಂದು ಮದುವೆಗೆ ಹೋಗುವುದಿತ್ತು. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಕಿಟಕಿಯ ಬದಿ ಕೂತಿದ್ದೆ. ಬೆಳುವಾಯಿ ಸಮೀಪಿಸುವಾಗ ರಸ್ತೆಯ ಪಕ್ಕ ಯಾರೋ ತರಗೆಲೆ ಗುಡಿಸಿ ಬೆಂಕಿ ಕೊಟ್ಟಿದ್ದರು. ಹೊಗೆ ಒಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಅಷ್ಟೆ. ನಾನು ಎದ್ದು ನಿಂತುಬಿಟ್ಟಿದ್ದೆ.

“ಇಳಿಯುವುದಾ ಅಮ್ಮ? ಸ್ಟಾಪು ಇನ್ನೂ ಬರ್ಲಿಲ್ಲ,” ಎಂದ ಕಂಡಕ್ಟರ್.

ಅಲ್ಲ ಎಂದು ಹೇಳಿ ಕೂತೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ಒಂದು ಹಿಡಿ ತರಗೆಲೆಯ ಹೊಗೆಗೆ ಹೀಗಾಗುತ್ತೇನೆ. ಕಣ್ಣು ಮುಚ್ಚಿದರೆ ಕವುಚಿ ಹಾಕಿದ ಒಂದು ಮಡಕೆ, ಅದರ ಬೆನ್ನ ಮೇಲೆ ಎರಡು ಕೆಂಡ. ಮೂರು ಇರಬೇಕಿತ್ತು. ಮೂರನೆಯದು ಎಲ್ಲಿ ಹೋಯಿತು ಎಂದು ನನಗೆ ಗೊತ್ತಿದೆ. ಆದರೂ ಪ್ರತಿ ಸಲ ಹುಡುಕುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಮೂಡುಬಿದಿರೆಯಲ್ಲಿ ಬಿ.ಎ. ಕೊನೆಯ ಪರೀಕ್ಷೆ ಬರೆದು ನಾನು ಬೆಳುವಾಯಿಯ ಮನೆಗೆ ಬಂದಿದ್ದೆ. ಫಲಿತಾಂಶ ಬರುವವರೆಗೆ ಮಾಡಲು ಕೆಲಸವೆಂದರೆ ಬೀಡಿ ಕಟ್ಟುವುದು. ಆಗ ನಮ್ಮ ಕಡೆ ಬೀಡಿ ಕಟ್ಟದ ಮನೆ ಇರಲಿಲ್ಲ. ನಮ್ಮ ಜಗಲಿಗೆ ಮಧ್ಯಾಹ್ನದ ಮೇಲೆ ನೆರಳು ಬರುತ್ತಿದ್ದುದರಿಂದ ಆಚೀಚೆಯ ಹೆಂಗಸರೂ ತಮ್ಮ ತಮ್ಮ ಗೆರಸೆ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕಿ ಸುರುಟುವುದು, ನೂಲು ಸುತ್ತುವುದು, ಬಾಯಿ ಮಡಚುವುದು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿಯವನು ಒಂದೊಂದು ಕಟ್ಟನ್ನೂ ಹಿಸುಕಿ ನೋಡಿ, ಬೇಡದ್ದನ್ನು ಮುರಿದು ಎಸೆಯುತ್ತಿದ್ದ.

ನನ್ನ ಕೈ ಆ ಕೆಲಸಕ್ಕೆ ಬಾರದ್ದು ಎಂದು ಮೂರೇ ದಿನಕ್ಕೆ ಎಲ್ಲರಿಗೂ ತಿಳಿಯಿತು.

“ಇದು ಬೀಡಿಯಾ ಸುಮತಿ, ಅಲ್ಲ ಬಾಣಂತಿಗೆ ಕಟ್ಟಿದ ಬಟ್ಟೆಯಾ?” ಎಂದು ಪಕ್ಕದ ಮನೆಯ ಭಾಗಿಯಕ್ಕ ನನ್ನ ಬೀಡಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. “ಬಿಡು ಮಾರಾಯ್ತಿ. ನಿನ್ನ ಪಾಲಿನ ಎಲೆ ನಾವು ಕತ್ತರಿಸ್ತೇವೆ. ನೀನು ಎಂಥಾದ್ರೂ ಓದು. ಅಪ್ಪ ಅಮ್ಮ ಕಾಲೇಜಿಗೆ ಕಳಿಸಿದ್ದು ಬಾಯಿ ಮುಚ್ಚಿ ಕೂರ್ಲಿಕ್ಕಾ?”

ಹೀಗೆ ಒಪ್ಪಂದವಾಯಿತು. ಅವರು ಕಟ್ಟುವುದು, ನಾನು ಓದುವುದು.

ಪುಸ್ತಕ ಕೊಟ್ಟವರು ಧರಣಪ್ಪ ಮಾಸ್ತರರು. ಮೂಡುಬಿದಿರೆಯ ಬಸದಿಗಳ ಬೀದಿಯಲ್ಲಿ ಅವರ ಮನೆ. ನಿವೃತ್ತರಾದ ಮೇಲೆ ಮುಂದಿನ ಕೋಣೆಯಲ್ಲಿ ನಾಲ್ಕು ಕಪಾಟು ಇಟ್ಟು, ಕೇಳಿದವರಿಗೆ ಪುಸ್ತಕ ಕೊಡುತ್ತಿದ್ದರು. ಬೀಡಿ ಕಟ್ಟುವವರಿಗೆ ಓದಲಿಕ್ಕೆ ಎಂದಾಗ ಅವರು ಕಂದು ಕಾಗದದ ಹೊದಿಕೆಯ ಒಂದು ದಪ್ಪ ಕಾದಂಬರಿ ತೆಗೆದರು. ಮೊದಲ ಹಾಳೆ ಹೋಗಿತ್ತು. ಬರೆದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಹೊದಿಕೆಯ ಮೇಲೆ ಅವರದೇ ಅಕ್ಷರದಲ್ಲಿ ‘ಕೆಂಡಾಲಿ’ ಎಂದಿತ್ತು.

“ಇದನ್ನು ಮೂವರು ಕೊಂಡುಹೋದರು. ಮೂವರೂ ಅರ್ಧ ಓದಿ ತಂದುಕೊಟ್ಟರು. ಒಬ್ಬರಿಗಂತೂ ಜ್ವರ ಬಂತಂತೆ,” ಎಂದು ನಕ್ಕರು. “ಒಳ್ಳೆಯ ಪುಸ್ತಕ. ನಿಮ್ಮ ಹೆಂಗಸರಿಗೆ ಧೈರ್ಯ ಉಂಟಲ್ಲ?”

ಅಂಥ ಪುಸ್ತಕವನ್ನು ನಾನು ಅದಕ್ಕೆ ಮೊದಲೂ ಓದಿರಲಿಲ್ಲ, ಆಮೇಲೂ ಓದಿಲ್ಲ. ಕತೆ ನಡೆಯುವುದು ಯಾವ ಭೂಪಟದಲ್ಲೂ ಇಲ್ಲದ ಒಂದು ನಾಡಿನಲ್ಲಿ, ಸೂರ್ಯ ಅಪರೂಪಕ್ಕೆ ಕಾಣುವ ಒಂದು ಪರ್ವತದ ಬುಡದಲ್ಲಿ. ಅಲ್ಲಿ ಏಳು ಮಂದಿ ದೇವತೆಗಳು, ಆರು ಜನ ಅಣ್ಣಂದಿರು ಮತ್ತು ಕೊನೆಯವಳು ಕೆಂಡಾಲಿ. ತಾಯಿ ಸಾಯುವಾಗ ಮನೆಯ ಒಲೆಯ ಬೆಂಕಿಯನ್ನು ಏಳು ಪಾಲು ಮಾಡಿ ಹೋಗಿರುತ್ತಾಳೆ. ಹೆಣ್ಣಿಗೇಕೆ ಬೆಂಕಿಯ ಪಾಲು ಎಂದು ಅಣ್ಣಂದಿರು ಅವಳದ್ದನ್ನು ಕಿತ್ತುಕೊಂಡು, ಅವಳನ್ನು ಪರ್ವತದ ಹೊಟ್ಟೆಯೊಳಗೆ ಹೂಳುತ್ತಾರೆ. ಸಾವಿರ ವರ್ಷದ ಮೇಲೆ ಅವಳು ಎದ್ದು ಬರುತ್ತಾಳೆ. ಮುಂದಿನದ್ದೆಲ್ಲ ಸೇಡು.

ಆ ಸೇಡಿನ ಬಗೆ ಹೇಳುತ್ತೇನೆ. ನದಿಗಳ ಒಡೆಯನಾದ ಅಣ್ಣ ಬಾಯಾರಿ ಸಾಯುತ್ತಾನೆ. ನೀರು ಅವನ ತುಟಿಯವರೆಗೆ ಬಂದು ಹಿಂದೆ ಸರಿಯುತ್ತದೆ. ನಿದ್ದೆಯ ದೇವರಿಗೆ ನಿದ್ದೆ ಬಾರದೆ ಹುಚ್ಚು ಹಿಡಿಯುತ್ತದೆ. ಕ್ರೌರ್ಯ ಅಷ್ಟಿತ್ತು. ಆದರೆ ಬರೆದ ಪುಣ್ಯಾತ್ಮ ಒಂದು ಕ್ಷಣವೂ ದೇವರನ್ನು ದೇವರ ಹಾಗೆ ಬರೆದಿರಲಿಲ್ಲ. ಅವರ ಜಗಳ ಶುರುವಾಗುವುದು ಅಡುಗೆಮನೆಯಲ್ಲಿ, ಊಟದ ಎಲೆಯ ಮುಂದೆ, ಯಾರಿಗೆ ಮೊದಲು ಬಡಿಸಿದರು ಎಂಬಲ್ಲಿ. ಒಬ್ಬ ಅಣ್ಣನನ್ನು ಕೊಲ್ಲುವ ಮೊದಲು ಕೆಂಡಾಲಿ ಅವನ ಕಾಲಿನ ಹಳೆಯ ಗಾಯದ ಗುರುತನ್ನು ನೋಡಿ, ಇದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದಾಗ ಬಿದ್ದು ಆದದ್ದಲ್ಲವೇ ಎಂದು ಕೇಳುತ್ತಾಳೆ. ಅವನು ಹೌದು ಎನ್ನುತ್ತಾನೆ. ಆಮೇಲೆ ಕೊಲ್ಲುತ್ತಾಳೆ. ಆ ಪುಟ ಓದಿದ ದಿನ ಬೀಡಿ ಕಟ್ಟುವ ಕೈಗಳೆಲ್ಲ ನಿಂತಿದ್ದವು. ಅಮ್ಮ ಕತ್ತರಿಯನ್ನು ಗಾಳಿಯಲ್ಲೇ ಹಿಡಿದು ಕೂತಿದ್ದಳು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಪುಸ್ತಕ ಕನ್ನಡದ್ದು; ಅದೂ ಭಾರೀ ಗ್ರಂಥದ ಕನ್ನಡ. ಜಗಲಿಯ ಮಾತು ತುಳು. ಮೊದಲ ದಿನ ಇದ್ದ ಹಾಗೆಯೇ ಓದಿದೆ. “ರೇಡಿಯೋದ ವಾರ್ತೆಯ ಹಾಗೆ ಓದಬೇಡ ಮಾರಾಯ್ತಿ, ನಮಗೆ ಹೇಳು,” ಎಂದಳು ಭಾಗಿಯಕ್ಕ. ಎರಡನೆಯ ದಿನದಿಂದ ನಾನು ಕಣ್ಣಿನಲ್ಲಿ ಕನ್ನಡ ಓದುತ್ತ ಬಾಯಲ್ಲಿ ತುಳು ಹೇಳತೊಡಗಿದೆ. ಹೇಳುತ್ತ ಹೇಳುತ್ತ ನನ್ನ ದನಿ ಅಜ್ಜಿಯ ದನಿಯಾಯಿತು. ಅಜ್ಜಿ ನಾಟಿಯ ಗದ್ದೆಯಲ್ಲಿ ದೈವಗಳು ಹುಟ್ಟಿ ಬಂದ ಕತೆಯನ್ನು ಹಾಡುತ್ತಿದ್ದವಳು. ದೇವತೆ ಎಂದಿದ್ದಲ್ಲಿ ದೈವ ಎಂದೆ. ಹೆಸರಿಲ್ಲದ ಪರ್ವತ ನಮ್ಮ ಹಿಂದಿನ ಗುಡ್ಡವಾಯಿತು. ಕಾಣದ ನಾಡಿನ ನದಿ ಗುರುಪುರಕ್ಕೆ ಹೋಗುವ ನಮ್ಮ ಹೊಳೆಯಾಯಿತು. ಪುಸ್ತಕದಲ್ಲಿ ಕೆಂಡಾಲಿಯನ್ನು ಕರೆಯುವವರು ಕಪ್ಪು ಶಿಲೆಯ ಪೀಠದ ಮೇಲೆ ನೀಲಿ ಜ್ವಾಲೆ ಹೊತ್ತಿಸುತ್ತಿದ್ದರು.

“ನೀಲಿ ಜ್ವಾಲೆ ಅಂದ್ರೆ ಎಂಥದು? ಸ್ಟವ್ವಿನದ್ದಾ?” ಎಂದು ಭಾಗಿಯಕ್ಕ ಕೇಳಿದಳು. ಹೆಂಗಸರು ನಕ್ಕರು. ಆ ನಗು ನಿಲ್ಲಿಸಬೇಕಿತ್ತು ನನಗೆ.

“ಮಡಕೆ ಕವುಚಿ ಹಾಕಿ ಅದರ ಬೆನ್ನಿಗೆ ಮೂರು ಕೆಂಡ ಇಡುವುದು,” ಎಂದೆ. “ಅನ್ಯಾಯ ಮಾಡಿದವ ಇರುವ ಬಾಗಿಲಿಗೆ ಎದುರಾಗಿ ನಿಂತು ಅವನ ಹೆಸರು ಹೇಳುವುದು. ಅವಳು ಬರ್ತಾಳೆ.”

ನಗು ನಿಂತಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬರೆದವರಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದುಕೊಂಡೆ. ಕಾಲೇಜಿನಲ್ಲಿ ಮೂರು ವರ್ಷ ಸಾಹಿತ್ಯ ಓದಿದವಳಿಗೆ ಒಂದು ಸರಳ ಸಂಗತಿ ಹೊಳೆಯಲಿಲ್ಲ. ಆ ಜಗಲಿಯಲ್ಲಿ ದೈವದ ಕತೆಯನ್ನು ತುಳುವಿನಲ್ಲಿ ಕಟ್ಟಿ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಇದ್ದದ್ದನ್ನು ಹೇಳಿದವರೇ ಎಲ್ಲ; ಹಾಗಾಗಿ ನಾನು ಹೇಳಿದ್ದೂ ಅವರಿಗೆ ಇದ್ದದ್ದೇ.

ಸ್ಟವ್ವಿನ ಮಾತಿಗೆ ನಗದೆ ಕೂತಿದ್ದವಳು ಒಬ್ಬಳೇ, ಕಲ್ಯಾಣಿಯಕ್ಕ.

ಮೂವತ್ತೈದರ ಆಸುಪಾಸಿನ ಹೆಂಗಸು ಅವಳು. ಗಂಡ ತೀರಿಹೋದ ಮೇಲೆ ವಿಟ್ಲದಿಂದ ತವರಿಗೆ ಬಂದು, ಗದ್ದೆಯ ಕೊನೆಯಲ್ಲಿದ್ದ ಒಂದು ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದಳು. ದೊಡ್ಡ ಮನೆಯಲ್ಲಿ ಅವಳ ಅಣ್ಣ ಸಂಕಪ್ಪಣ್ಣ. ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ತಾಯಿಯ ಮನೆ ಮಗಳಿಗೆ ಎಂಬುದು ಹಿಂದಿನಿಂದ ಬಂದ ಕ್ರಮ. ಅವರ ತಾಯಿ ಗೇಣಿಗೆ ಮಾಡುತ್ತಿದ್ದ ಭೂಮಿ ಅದು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದು ಎಲ್ಲರೂ ತಮ್ಮ ಗೇಣಿಯ ಭೂಮಿಗೆ ಡಿಕ್ಲರೇಶನ್ ಅರ್ಜಿ ಕೊಡುವಾಗ ತಾಯಿ ಇರಲಿಲ್ಲ. ಸಂಕಪ್ಪಣ್ಣ ತನ್ನ ಹೆಸರೊಂದನ್ನೇ ಬರೆದುಕೊಟ್ಟು ಬಂದ. ತೀರ್ಪು ಅವನ ಹೆಸರಿಗೇ ಆಯಿತು. ಅವನ ಹೆಂಡತಿ ಮಕ್ಕಳು ಮಡಂತ್ಯಾರಿನಲ್ಲಿ ಹೆಂಡತಿಯ ತವರಿನಲ್ಲಿದ್ದರು. ಅವರನ್ನು ಕರೆಸಿಕೊಳ್ಳಬೇಕು, ಸಣ್ಣ ಮನೆ ಕಿತ್ತು ಅಲ್ಲಿ ತೋಟ ಎಬ್ಬಿಸಬೇಕು ಎಂದು ಆ ವರ್ಷ ಹೊರಟಿದ್ದ. ಪತ್ತನಾಜೆಯ ಒಳಗೆ ಜಾಗ ಬಿಡಬೇಕೆಂದು ತಂಗಿಗೆ ಹೇಳಿದ್ದ. ಪತ್ತನಾಜೆ ಎಂದರೆ ದೈವಗಳ ಕೋಲ, ಯಕ್ಷಗಾನದ ಆಟ ಎಲ್ಲ ಆ ವರ್ಷಕ್ಕೆ ಮುಗಿಯುವ ದಿನ; ಅದರ ಬೆನ್ನಿಗೇ ಮಳೆ. ಕಲ್ಯಾಣಿಯಕ್ಕನಿಗೆ ಹೋಗಲು ಬೇರೆ ಸೂರು ಇರಲಿಲ್ಲ.

ಇದೆಲ್ಲ ಜಗಲಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವಳು ಮಾತ್ರ ಒಂದು ದಿನವೂ ಅಣ್ಣನನ್ನು ಬೈದವಳಲ್ಲ. ಎಲ್ಲರಿಗಿಂತ ಚಂದದ ಬೀಡಿ ಅವಳದು. ಬ್ರಾಂಚಿನವನು ಅವಳ ಕಟ್ಟನ್ನು ಹಿಸುಕುತ್ತಲೂ ಇರಲಿಲ್ಲ. ಕತೆ ಕೇಳುವಾಗಲೂ ತಲೆ ಎತ್ತುತ್ತಿರಲಿಲ್ಲ. ಒಂದು ಸಂಜೆ ಉಳಿದವರೆಲ್ಲ ಎದ್ದ ಮೇಲೆ ಕೇಳಿದಳು.

“ಸುಮತಿ, ಈ ಕೆಂಡಾಲಿಗೆ ಗುಡಿ ಎಲ್ಲಿ?”

“ಗುಡಿ ಇಲ್ಲ ಕಲ್ಯಾಣಿಯಕ್ಕ.”

“ಗುಡಿ ಇಲ್ಲದವಳೇ ಒಳ್ಳೆಯದು,” ಎಂದಳು. “ಗುಡಿ ಇದ್ದ ಕಡೆ ದೂರು ಕೊಡ್ಲಿಕ್ಕೆ ಹೋದ್ರೆ ಮುಂದೆ ಕೂತವರೆಲ್ಲ ಅಣ್ಣನ ಗುರ್ತದವರೇ.”

ಅನ್ಯಾಯವಾದವರು ದೈವದ ಮುಂದೆ ನಿಂತು ಇಂಥವರ ಮೇಲೆ ದೂರು ಎಂದು ಹೇಳುವುದು ನಮ್ಮ ಕಡೆ ಕೋರ್ಟಿಗಿಂತ ಹಳೆಯ ದಾರಿ. ನಾನು ಆಗಲೇ ಕೇಳಬೇಕಿತ್ತು, ನೀನು ಯಾವ ದೂರು ಹೇಳುತ್ತಿದ್ದೀ ಎಂದು. ಕೇಳಲಿಲ್ಲ. ಆ ಹೊತ್ತಿಗೆ ನನಗೆ ಮುಂದಿನ ಅಧ್ಯಾಯದ್ದೇ ಅವಸರ.

ಮೇ ತಿಂಗಳ ಮೊದಲ ವಾರ. ಕೊನೆಯ ಅಧ್ಯಾಯ ಒಂದು ಬಾಕಿ ಇತ್ತು. ಊಟ ಮುಗಿಸಿ ಜಗಲಿಗೆ ಬಂದರೆ ಕಲ್ಯಾಣಿಯಕ್ಕನ ಜಾಗ ಖಾಲಿ.

“ಈಗಷ್ಟೇ ಬಂದು ಹೋದಳಲ್ಲ,” ಎಂದಳು ಅಮ್ಮ, ಎಲೆಯ ಗೋಣಿ ಬಿಚ್ಚುತ್ತ. “ಒಲೆ ಆರಿತ್ತಂತೆ. ತೆಂಗಿನ ಗೆರಟೆಯಲ್ಲಿ ಕೆಂಡ ಹಾಕಿಕೊಟ್ಟೆ. ತುಂಬ ಕೊಡ್ಲಿಕ್ಕೆ ಹೋದ್ರೆ ಬೇಡ, ಮೂರು ಸಾಕು ಅಂತ ಎಣಿಸಿ ತಕ್ಕೊಂಡಳು.”

ಭಾಗಿಯಕ್ಕ ನೂಲು ಹಲ್ಲಿನಲ್ಲಿ ಕಚ್ಚಿಕೊಂಡು ಏನೋ ತಮಾಷೆ ಹೇಳುತ್ತಿದ್ದಳು. ನಾನು ಚಪ್ಪಲಿಯನ್ನೂ ಹಾಕದೆ ಓಡಿದೆ.

ನಮ್ಮ ಮನೆಗೂ ಸಂಕಪ್ಪಣ್ಣನ ಮನೆಗೂ ನಡುವೆ ಕೊಯ್ದು ಒಣಗಿದ ಗದ್ದೆ. ಪೈರಿನ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ದೊಡ್ಡ ಮನೆಯ ಬದಿಗೆ ಅವರ ದನದ ಹಟ್ಟಿ. ಮುಳಿಹುಲ್ಲು ಹೊದಿಸಿದ ಮಾಡು, ಒಳಗೆ ಅಟ್ಟದ ತುಂಬ ಬೈಹುಲ್ಲು. ದನಗಳು ಆ ಹೊತ್ತಿಗೆ ಗುಡ್ಡದಲ್ಲಿ. ಬೇಸಗೆಯಲ್ಲಿ ಊಟ ಮಾಡಿ ಸಂಕಪ್ಪಣ್ಣ ಆ ಅಟ್ಟದ ಮೇಲೆಯೇ ಮಲಗುತ್ತಿದ್ದುದು ಎಲ್ಲರಿಗೂ ಗೊತ್ತು. ಕೊನೆಯ ಬದುವಿನ ಮೇಲೆ ಹತ್ತಿದಾಗ ಕಂಡಿತು. ಹಟ್ಟಿಯ ಬಾಗಿಲಿಗೆ ಎದುರಾಗಿ ಕವುಚಿ ಹಾಕಿದ ಮಡಕೆ. ಅದರ ಬೆನ್ನ ಮೇಲೆ ಮೂರು ಕೆಂಡ, ಒಂದಕ್ಕೊಂದು ತಾಗಿಸಿ ಇಟ್ಟದ್ದು. ಹಿಂದೆ ಕೈ ಮುಗಿದು ನಿಂತ ಕಲ್ಯಾಣಿಯಕ್ಕ. ಸ್ನಾನ ಮಾಡಿ ಬಂದಿದ್ದಳು, ಕೂದಲ ತುದಿಯಿಂದ ನೀರು ಇಳಿಯುತ್ತಿತ್ತು.

ಕೂಗಬೇಕು ಎಂದು ಬಾಯಿ ತೆರೆದೆ. ಆಗ ಗಾಳಿ ಬೀಸಿತು. ಮಳೆಗೆ ಮೊದಲಿನ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಬರುತ್ತದಲ್ಲ, ಆ ಗಾಳಿ. ಅಂಗಳದಲ್ಲಿ ಬಿದ್ದ ಹುಲ್ಲನ್ನು ಸುತ್ತಿಸಿ ಎತ್ತಿತು. ಕಣ್ಣಿಗೆ ಧೂಳು. ಉಜ್ಜಿಕೊಂಡು ನೋಡುವಾಗ ಮಡಕೆಯ ಮೇಲೆ ಎರಡೇ ಕೆಂಡ.

ಬೆಂಕಿ ಹಟ್ಟಿಯ ಮೂಲೆಯಲ್ಲಿ ಮೊದಲು ಒಂದು ಸಣ್ಣ ಸದ್ದಾಗಿ ಕೇಳಿಸಿತು. ಯಾರೋ ಕಾಗದ ಮುದುಡಿದ ಹಾಗೆ. ಆಮೇಲೆ ಮಾಡಿನ ಅಂಚನ್ನು ಹಿಡಿಯಿತು.

ಕಲ್ಯಾಣಿಯಕ್ಕ ಅಲುಗಲಿಲ್ಲ. ಕೈ ಮುಗಿದದ್ದು ಹಾಗೆಯೇ ಇತ್ತು. ಅವಳ ಮುಖ ನನಗೆ ಒಂದು ಬದಿಯಿಂದ ಕಾಣುತ್ತಿತ್ತು. ಅಲ್ಲಿ ಹೆದರಿಕೆ ಇರಲಿಲ್ಲ. ಬಂದಳು ಎಂದುಕೊಂಡಿದ್ದಳು ಅವಳು. ಕರೆದೆ, ಬಂದಳು. ನಾನೂ ಅಲುಗಲಿಲ್ಲ. ಇದನ್ನೇ ನಾನು ಇಷ್ಟು ವರ್ಷ ಮತ್ತೆ ಮತ್ತೆ ನೋಡುತ್ತಿರುವುದು. ಅವಳಿಗಾದರೆ ಎದುರಿಗೆ ಒಂದು ದೈವವಿತ್ತು. ನನಗೆ ಏನಿತ್ತು? ಅದು ಬರೀ ಕೆಂಡ, ಬರೀ ಗಾಳಿ, ಒಳಗಿರುವುದು ಒಬ್ಬ ಮನುಷ್ಯ ಎಂದು ಆ ಅಂಗಳದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ಕೂಗಲಿಲ್ಲ.

ಒಳಗಿನಿಂದ ಕೆಮ್ಮು ಕೇಳಿಸಿತು. ಎರಡು ಸಲ. ಒಣ ಕೆಮ್ಮು.

ಕಲ್ಯಾಣಿಯಕ್ಕನ ಕೈಗಳು ಬಿಚ್ಚಿಕೊಂಡವು. ಒದ್ದೆ ಕೂದಲಿನ ಮೇಲೆ ಸೆರಗು ಎಳೆದುಕೊಂಡು ಆ ಹೊಗೆಯೊಳಗೆ ನುಗ್ಗಿದಳು. ಏಣಿಯ ಸದ್ದು, ಏನೋ ಬಿದ್ದ ಸದ್ದು, ಅವಳ ಬೈಗುಳ. “ಏಳು, ಎದ್ದು ಸಾಯಿ, ಏಳು ಅಂದ್ರೆ!” ಆಗ ನನ್ನ ಸ್ವರ ಬಂತು. ಏನು ಕೂಗಿದೆನೋ, ಭಾಗಿಯಕ್ಕ, ಅಮ್ಮ, ಆಚೆ ಮನೆಯವರು ಎಲ್ಲ ಕೊಡಪಾನ ಹಿಡಿದು ಓಡಿ ಬರುವುದು ಕಂಡಿತು. ಅಣ್ಣನನ್ನು ಕಂಕುಳಿನಲ್ಲಿ ಹಿಡಿದು ಹಿಮ್ಮುಖವಾಗಿ ಎಳೆಯುತ್ತ ಅವಳು ಹೊರಗೆ ಬಂದಳು. ಏಣಿಯ ಹತ್ತಿರ ಉರಿಯುತ್ತಿದ್ದ ಅಡ್ಡಮರವನ್ನು ಹಿಡಿದು ಅವನ ಬಲಗೈ ಸುಟ್ಟಿತ್ತು. ಅವರು ಅಂಗಳ ದಾಟಿದ ಮೇಲೆ ಮಾಡು ಕುಸಿಯಿತು.

ಜನ ಅಂಗಳ ತಲುಪುವ ಮೊದಲು ನಾನು ಒಂದು ಕೆಲಸ ಮಾಡಿದ್ದೆ. ಆ ಮಡಕೆಯನ್ನು ಎತ್ತಿ ಬಾವಿಯ ಹಿಂದೆ ಎಸೆದಿದ್ದೆ. ಅಣ್ಣನನ್ನು ಎಳೆದು ತರುತ್ತಿದ್ದ ಕಲ್ಯಾಣಿಯಕ್ಕ ಅದನ್ನು ನೋಡಿದಳು.

“ನನ್ನದೇ ಬೀಡಿ ಇರಬೇಕು,” ಎಂದು ಸಂಕಪ್ಪಣ್ಣ ನೆಲದಲ್ಲಿ ಕೂತು ಕೆಮ್ಮುತ್ತ ಎಲ್ಲರಿಗೂ ಹೇಳಿದ. “ಎಳೆಯುತ್ತ ಎಳೆಯುತ್ತ ನಿದ್ದೆ ಬಂತು. ತಂಗಿ ಇಲ್ಲದಿದ್ರೆ ನಾನು ಇವತ್ತಿಗೆ ಮುಗಿದೆ.”

“ಬ್ರಾಂಚಿಗೆ ಕೊಡುವ ಬೀಡಿಯನ್ನು ನೀನು ಸೇದಿದ್ರೆ ಹೀಗೇ ಆಗುವುದು,” ಎಂದಳು ಭಾಗಿಯಕ್ಕ. ಜನ ನಕ್ಕರು. ಅಂಥ ಹೊತ್ತಿನಲ್ಲೂ ನಕ್ಕರು.

ಮೂಡುಬಿದಿರೆಯ ಡಾಕ್ಟರು ಕೈಗೆ ಪಟ್ಟಿ ಕಟ್ಟಿ ಕಳಿಸಿದರು. ನಾಲ್ಕನೆಯ ದಿನ ಸಂಕಪ್ಪಣ್ಣ ತಂಗಿಗೆ ಹೇಳಿ ಕಳಿಸಿದ, ಪತ್ತನಾಜೆಗೆ ಎಲ್ಲಿಗೂ ಹೋಗುವುದು ಬೇಡ, ಅಲ್ಲೇ ಇರಲಿ ಎಂದು. ನಾನು ಓಡಿ ಹೋಗಿ ಕಲ್ಯಾಣಿಯಕ್ಕನ ಕೈ ಹಿಡಿದುಕೊಂಡೆ.

“ಮುಗಿಯಿತಲ್ಲ ಕಲ್ಯಾಣಿಯಕ್ಕ. ಇನ್ನು ಯಾರಿಗೂ ಏನೂ ಹೇಳುವುದು ಬೇಡ.”

“ಮುಗಿಯುವುದು ಹೇಗೆ? ದೂರು ನಿಂತಿದೆಯಲ್ಲ,” ಎಂದಳು ಅವಳು. “ಇವತ್ತು ಕೈ. ನಾಳೆ ಎಂಥದೋ. ಕೊಟ್ಟ ದೂರನ್ನು ಹಿಂದೆ ತಕ್ಕೊಳ್ಳಬೇಕು. ಕೊಟ್ಟವರೂ ಬೇಕು, ಯಾರ ಮೇಲೆ ಕೊಟ್ಟದ್ದೋ ಅವರೂ ಬೇಕು. ಇಬ್ಬರೂ ನಿಂತು ಹೇಳಬೇಕು. ಅದು ಕ್ರಮ.”

“ಅವನಿಗೆ ಗೊತ್ತಾದ್ರೆ ಇದ್ದ ಸೂರೂ ಹೋಗ್ತದೆ!”

“ಹೋಗ್ತದೆ,” ಎಂದಳು.

ಆಗ ನಾನು ಸತ್ಯ ಹೇಳಿದೆ. ಕೆಂಡಾಲಿ ಎಂಬ ದೈವ ಇಲ್ಲ. ಯಾರೋ ಕೂತು ಬರೆದದ್ದು. ಮಡಕೆಯಂತೂ ಆ ಪುಸ್ತಕದಲ್ಲೂ ಇಲ್ಲ. ಮಡಕೆ ನನ್ನದು, ಮೂರು ಕೆಂಡ ನನ್ನದು. ಅಳುತ್ತ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ.

“ಕರೆಯುವ ಕ್ರಮ ಮಾಡಿದವಳು ನೀನಾದ್ರೆ, ಕಳಿಸುವ ಕ್ರಮವನ್ನೂ ನೀನೇ ಮಾಡು,” ಎಂದಳು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಧರಣಪ್ಪ ಮಾಸ್ತರರಲ್ಲಿಗೆ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು. ದೈವ ಇಲ್ಲ ಎಂದು ನೀವಾದರೂ ಬಂದು ಹೇಳಿ ಎಂದು ಬೇಡಿಕೊಂಡೆ.

“ಇಲ್ಲದ ದೈವವನ್ನು ಇಲ್ಲ ಅಂತ ಹೇಳುವುದು ಸುಲಭ, ಸುಮತಿ,” ಎಂದರು. “ಅವಳ ದೂರು ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಕೊನೆಯ ಅಧ್ಯಾಯ ಓದಿದ್ದೀಯಾ?”

“ಇಲ್ಲ.”

“ಅವರಿಬ್ಬರನ್ನು ಕೂರಿಸಿ ಅದನ್ನು ಓದುವ. ನಾನೂ ಬರ್ತೇನೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಓದಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.”

ಆ ಸಂಜೆ ನಮ್ಮ ಜಗಲಿಯಲ್ಲಿ ಯಾರೂ ಎಲೆ ಕತ್ತರಿಸಲಿಲ್ಲ. ಸಂಕಪ್ಪಣ್ಣ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು, ತನ್ನನ್ನು ಏಕೆ ಕರೆಸಿದ್ದಾರೆಂದು ತಿಳಿಯದೆ ಗೋಡೆಗೆ ಒರಗಿ ಕೂತಿದ್ದ. ಕಲ್ಯಾಣಿಯಕ್ಕ ಅವನ ಎದುರಿಗೆ ನಿಂತು, ಬ್ರಾಂಚಿನಲ್ಲಿ ಲೆಕ್ಕ ಒಪ್ಪಿಸುವಷ್ಟೇ ಸಪಾಟಾದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಕೆಂಡ ತಂದದ್ದು, ಮಡಕೆ ಇಟ್ಟದ್ದು, ಅವನ ಹೆಸರು ಹೇಳಿದ್ದು, ಬೆಂಕಿ ಹಿಡಿದ ಮೇಲೂ ನಿಂತು ನೋಡಿದ್ದು. ಕೊನೆಯದ್ದನ್ನು ಬಿಡಬಹುದಿತ್ತು. ಬಿಡಲಿಲ್ಲ. ನಡುವೆ ನಾನು ಬಾಯಿ ಹಾಕಿ ಮಡಕೆ ನನ್ನದು ಎಂದೆ. ನನ್ನ ಮಾತನ್ನು ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಸಂಕಪ್ಪಣ್ಣ ಎದ್ದು ಮೆಟ್ಟಿಲಿಳಿದು ಅಂಗಳದ ಕೊನೆಯವರೆಗೆ ಹೋದ. ಅಲ್ಲಿಂದ ತಿರುಗಿ ಬಂದ. ಮುಖ ಕಪ್ಪಿಟ್ಟಿತ್ತು.

“ಸುಡ್ಲಿಕ್ಕೆ ಹೊರಟವಳು ಮತ್ತೆ ಯಾಕೆ ಎಳೆದು ಹಾಕಿದ್ದು? ಅಲ್ಲೇ ಬಿಡಬೇಕಿತ್ತು.”

“ಬಿಡುವವಳೇ ಇದ್ದೆ,” ಎಂದಳು. “ನೀನು ಕೆಮ್ಮಿದೆಯಲ್ಲ. ನಿನ್ನ ಕೆಮ್ಮು ಅಮ್ಮನದ್ದೇ ಕೆಮ್ಮು ಅಣ್ಣ. ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ.”

ಅವನು ಮತ್ತೆ ಗೋಡೆಯ ಬದಿ ಕೂತ. ಮಾಸ್ತರರು ನನ್ನ ಕಡೆ ತಲೆಯಾಡಿಸಿದರು. ನಾನು ಪುಸ್ತಕ ತೆರೆದೆ. ಈ ಸಲ ಕನ್ನಡದಲ್ಲೇ, ಅಚ್ಚಾದ ಹಾಗೆಯೇ, ನಿಧಾನವಾಗಿ ಓದಿದೆ. ಕೆಂಡಾಲಿ ಕೊನೆಯ ಅಣ್ಣನನ್ನು ಕ್ಷಮಿಸಿಬಿಟ್ಟಿರಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತ ಓದಿದೆ. ಅವಳು ಕ್ಷಮಿಸಲಿಲ್ಲ. ಆರನೆಯವನೂ ಬೂದಿಯಾದ. ಏಳು ಪಾಲು ಬೆಂಕಿಯೂ ಅವಳದ್ದೇ ಆಯಿತು. ಸಾವಿರ ವರ್ಷದ ಮೇಲೆ ಅವಳು ತಾಯಿಯ ಮನೆಗೆ ಹೋಗಿ, ಒಲೆ ಹೊತ್ತಿಸಿ, ಅಡುಗೆ ಮಾಡಿ, ಊಟಕ್ಕೆ ಎಲೆ ಹಾಕುತ್ತಾಳೆ. ಹಾಕಿದ ಮೇಲೆ ನೋಡುತ್ತಾಳೆ, ಕೈ ತನ್ನಷ್ಟಕ್ಕೆ ಏಳು ಎಲೆ ಹಾಕಿದೆ. ಒಂದನ್ನೂ ತೆಗೆಯುವುದಿಲ್ಲ. ಏಳಕ್ಕೂ ಬಡಿಸಿ, ಏಳನೆಯದರ ಮುಂದೆ ಕೂರುತ್ತಾಳೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಆ ಬರಹಗಾರನಿಗೋ ಬರಹಗಾರ್ತಿಗೋ ನಾನು ಇಂದಿಗೂ ಮನಸ್ಸಿನಲ್ಲಿ ನಮಸ್ಕರಿಸುವುದು ಆ ಏಳು ಎಲೆಗಳಿಗಾಗಿ. ಒಂದು ಉಪದೇಶದ ಸಾಲು ಇರಲಿಲ್ಲ ಅಲ್ಲಿ. ಸುಳ್ಳು ಸಮಾಧಾನವೂ ಇರಲಿಲ್ಲ.

“ಮತ್ತೆ?” ಎಂದ ಸಂಕಪ್ಪಣ್ಣ.

“ಮುಗಿಯಿತು.”

“ಅವಳು ಮೊದಲು ಕೇಳಿದ್ದು ಎಷ್ಟು?”

“ಏಳರಲ್ಲಿ ಒಂದು,” ಎಂದರು ಮಾಸ್ತರರು.

“ಅಷ್ಟು ಕೊಟ್ಟಿದ್ರೆ ಆಗ್ತಿತ್ತಲ್ಲ, ಆ ಬೇವರ್ಸಿಗಳಿಗೆ!” ಎಂದಳು ಭಾಗಿಯಕ್ಕ. ಹೇಳಿದ ಮೇಲೆ ಸಂಕಪ್ಪಣ್ಣನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಕಲ್ಯಾಣಿಯಕ್ಕ ಪುಸ್ತಕಕ್ಕೆ ಕೈ ಮುಗಿದಳು. “ಅಮ್ಮಾ ಕೆಂಡಾಲಿ, ನೀನು ಇದ್ರೂ ಇಲ್ಲದಿದ್ರೂ, ಸಂಕಪ್ಪನ ಮೇಲೆ ನಾನು ಕೊಟ್ಟ ದೂರು ಹಿಂದೆ ತಕ್ಕೊಂಡಿದ್ದೇನೆ. ಅವನೂ ಇಲ್ಲೇ ಇದ್ದಾನೆ.” ಆಮೇಲೆ ಅಣ್ಣನ ಕಡೆ ನೋಡಿದಳು. ಅವನು ಎಡಗೈಯನ್ನು ಎತ್ತಿ ಎದೆಗೆ ಮುಟ್ಟಿಸಿ, “ಹೌದು, ಇದ್ದೇನೆ,” ಎಂದ. ತುಸು ಬಿಟ್ಟು, ಯಾರ ಮುಖವನ್ನೂ ನೋಡದೆ, “ನಾನು ಹೇಳಿ ಕಳಿಸಿದ್ದು ಹಾಗೇ ಇರ್ಲಿ. ನೀನು ಅಲ್ಲೇ ಇರು,” ಎಂದ.

“ಇರು ಅಂತ ಬಾಯಲ್ಲಿ ಹೇಳಬೇಡ,” ಎಂದಳು ಕಲ್ಯಾಣಿಯಕ್ಕ. “ಬರೆದು ಕೊಡು.”

“ನನ್ನ ಮಕ್ಕಳಿಗೆ ಎಂಥ ಉಂಟು ಮತ್ತೆ?”

“ನಿನ್ನ ಮಕ್ಕಳನ್ನು ನಾಳೆಯೇ ಕರಕ್ಕೊಂಡು ಬಾ. ದೊಡ್ಡ ಮನೆ ಅವರಿಗೆ ಇರ್ಲಿ. ನನಗೆ ಸಣ್ಣ ಮನೆ, ಅದರ ಅಂಗಳ, ಕೆಳಗಿನ ಎರಡು ಗದ್ದೆ.”

“ಅಂಗಳದ ಹಲಸು ನಾನು ನೆಟ್ಟದ್ದು!”

“ನೀರು ಹಾಕಿದ್ದು ಯಾರು?”

ಹಲಸಿನ ಮರಕ್ಕೆ ಅರ್ಧ ಗಂಟೆ ಜಗಳವಾಯಿತು. ಹಿಂದಿನ ವಾರ ಅಣ್ಣನನ್ನು ಕೊಲ್ಲಿಸಲು ಹೊರಟು ಕೊನೆಗೆ ತಾನೇ ಬದುಕಿಸಿದ ತಂಗಿ ಮತ್ತು ಆ ಅಣ್ಣ ಹಲಸಿನ ಹಣ್ಣಿಗೆ ಸ್ವರ ಏರಿಸಿ ಕಾದಾಡುವುದನ್ನು ನೋಡುತ್ತ ಅಮ್ಮ ಒಳಗೆ ಹೋಗಿ ಚಾ ಇಟ್ಟಳು. ಕೊನೆಗೆ ಮರ ಕಲ್ಯಾಣಿಯಕ್ಕನಿಗೆ, ವರ್ಷಕ್ಕೆ ನಾಲ್ಕು ಹಣ್ಣು ಮಕ್ಕಳಿಗೆ ಎಂದಾಯಿತು. ಮಾಸ್ತರರು ಹೇಳುತ್ತ ಹೋದರು, ನಾನು ಬರೆದೆ. ಸ್ಟಾಂಪು ಹಾಕಿದ ಕಾಗದ ಅಲ್ಲ, ಆದರೆ ಇಷ್ಟು ಮಂದಿ ಸಾಕ್ಷಿ ಇದ್ದಾರಲ್ಲ ಎಂದರು ಮಾಸ್ತರರು. ಬದುಕಿದಷ್ಟು ಕಾಲ ಕಲ್ಯಾಣಿಯಕ್ಕ ಆ ಮನೆಯಲ್ಲೇ ಇದ್ದಳು. ಆ ಕಾಗದವನ್ನು ಯಾರೂ ಪ್ರಶ್ನಿಸಲಿಲ್ಲ.

ಸಂಕಪ್ಪಣ್ಣನಿಗೆ ರುಜು ಹಾಕಲು ಬಲಗೈ ಇರಲಿಲ್ಲ.

“ಹೆಬ್ಬೆಟ್ಟು ಒತ್ತು,” ಎಂದರು ಮಾಸ್ತರರು.

“ನಾನು ಎಂಟನೆಯ ಕ್ಲಾಸು ಓದಿದವ ಮಾಸ್ಟ್ರೇ,” ಎಂದ ಅವನು, ಅದರಷ್ಟು ಅವಮಾನ ಆ ದಿನ ಬೇರೆ ಯಾವುದೂ ಆಗಿಲ್ಲವೆಂಬಂತೆ.

ಮಾಸ್ತರರು ತಮ್ಮ ಪೆನ್ನಿನಿಂದ ಒಂದು ಬೀಡಿ ಎಲೆಯ ಮೇಲೆ ಶಾಯಿ ಸುರಿದರು. ಕಲ್ಯಾಣಿಯಕ್ಕ ಅಣ್ಣನ ಎಡ ಹೆಬ್ಬೆರಳನ್ನು ಹಿಡಿದು ಎಲೆಗೆ ಒತ್ತಿ, ಕಾಗದಕ್ಕೆ ಒತ್ತಿದಳು. ಗುರುತು ಚೆನ್ನಾಗಿ ಮೂಡಿತು. ಅದು ಒಣಗಲೆಂದು ಅವಳು ಬಾಗಿ, ಕಾಗದವನ್ನು ಬಾಯಿಯ ಹತ್ತಿರ ತಂದು ಕೆಂಡಕ್ಕೆ ಊದುವ ಹಾಗೆ ಮೆಲ್ಲಗೆ ಊದಿದಳು. ನಾನು ಎದ್ದು ಒಂದು ಹೆಜ್ಜೆ ಹಿಂದೆ ಸರಿದಿದ್ದೆ.